ಚುಕ್ಕಿ ಎಲ್ಲಿ ಇಡಬೇಕು

ಮಂಗನ ಕಾಯಿಲೆ ಬಂದ ಮನೆಯವರು ಆಸ್ಪತ್ರೆಯ ವೈದ್ಯರನ್ನು ಕೇಳುವುದೇ ಒಂದು, ನನ್ನನ್ನು ಕೇಳುವುದೇ ಇನ್ನೊಂದು. ನಾನು ದನದ ಡಾಕ್ಟರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲೇ ನೌಕರಿ ಮುಗಿಸಿ, ನಿವೃತ್ತನಾದ ಮೇಲೆ ನೆಮ್ಮಾರಿನ ಬಳಿ ನಮ್ಮ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಆಸ್ಪತ್ರೆಯಲ್ಲಿ ತುಟಿ ಬಿಚ್ಚದ ಜನ ಕೊಟ್ಟಿಗೆಯಲ್ಲಿ ಮನಸ್ಸು ಬಿಚ್ಚುತ್ತಾರೆ. ಗಬ್ಬದ ಹಸುವಿನ ಹೊಟ್ಟೆ ಮುಟ್ಟಿ ನೋಡುತ್ತಿರುವಾಗ ಬೆನ್ನ ಹಿಂದಿನಿಂದ ಮಾತು ಬರುತ್ತದೆ: ‘ನಾವು ಯಾರಿಗೆ ಏನ್ ಅನ್ಯಾಯ ಮಾಡಿದ್ವಿ ಡಾಕ್ಟ್ರೇ? ಊರಲ್ಲಿ ಇಷ್ಟು ಮನೆ ಇದ್ರೂ ನಮ್ಮನೆಗೇ ಯಾಕೆ ಬಂತು?’

ಈ ಪ್ರಶ್ನೆಗೆ ಮಲೆನಾಡಿನಲ್ಲಿ ಉತ್ತರದ ಬರವಿಲ್ಲ. ಚೌಡಿಯ ಹರಕೆ ಬಾಕಿ ಉಳಿದಿತ್ತು. ನಾಗಬನದ ಮರಕ್ಕೆ ಕತ್ತಿ ಹಾಕಿದ್ದರು. ಹಿರಿಯರ ಕಾರ್ಯ ಒಂದು ವರ್ಷ ತಪ್ಪಿತ್ತು. ಜೋಯಿಸರ ಹತ್ತಿರ ಪ್ರಶ್ನೆ ಕೇಳಿಕೊಂಡು ಬಂದರೆ ಪಟ್ಟಿಗೆ ಇನ್ನೆರಡು ಸೇರುತ್ತವೆ. ಯಾವುದೂ ಹೊಂದದಿದ್ದರೆ ಪೂರ್ವಜನ್ಮದ್ದು ಎನ್ನುವುದಂತೂ ಇದ್ದೇ ಇದೆ. ಇದನ್ನೆಲ್ಲ ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳುವವನು ನಾನಲ್ಲ. ನಮ್ಮ ಮನೆಯಲ್ಲೂ ನಾಗನಿಗೆ ತನು ಎರೆಯುತ್ತೇವೆ, ಶಾರದಮ್ಮನ ನವರಾತ್ರಿಗೆ ಶೃಂಗೇರಿಗೆ ಹೋಗುತ್ತೇವೆ. ಕಷ್ಟ ಬಂದಾಗ ಯಾಕೆ ಎಂದು ಕೇಳದವರು ಯಾರು? ನನ್ನ ತಕರಾರು ಇರುವುದು ಆ ಪ್ರಶ್ನೆಯ ಮೇಲಲ್ಲ. ಉತ್ತರ ಯಾರ ಬಾಯಿಂದ ಬರುತ್ತದೆ, ಯಾರ ಮನೆಯ ಕಡೆ ಬೆರಳು ತೋರುತ್ತದೆ ಎನ್ನುವುದರ ಮೇಲೆ. ಮೊಬೈಲಿನಲ್ಲಿ ನಾಲ್ಕಾರು ಮಂದಿ ಸೇರಿ ತುಂಬಿದ ಒಂದು ನಕ್ಷೆಯನ್ನು ನೋಡುತ್ತ ನೋಡುತ್ತ ಆ ತಕರಾರು ನನ್ನಲ್ಲಿ ಗಟ್ಟಿಯಾಯಿತು.

ಕಾಯಿಲೆಯ ಪರಿಚಯ ಇಲ್ಲದವರಿಗೆ ಸ್ವಲ್ಪ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದರ ಬೆನ್ನಿಗೇ ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಕಾಲಿಟ್ಟಿತೇ ಎಂಬ ಭಯ ಮೊದಲಿಗೆ ಇತ್ತು. ಸಿಕ್ಕಿದ್ದು ಲೋಕಕ್ಕೇ ಹೊಸದಾದ ಒಂದು ವೈರಸ್. ಅದಕ್ಕೆ ಕ್ಯಾಸನೂರಿನ ಹೆಸರೇ ನಿಂತಿತು. ಹರಡುವುದು ಕಾಡಿನ ಉಣುಗು. ಮುಸುವ, ಕೆಂಪು ಮೂತಿಯ ಮಂಗ ಎರಡೂ ಇದಕ್ಕೆ ಬಲಿಯಾಗುತ್ತವೆ. ಮಂಗ ಸತ್ತು ಮೈ ತಣ್ಣಗಾದರೆ ಅದರ ಮೇಲಿದ್ದ ಉಣುಗುಗಳು ನೆಲಕ್ಕಿಳಿದು ಮುಂದೆ ಬಂದ ಮೈ ಹತ್ತುತ್ತವೆ. ದನಗಳಿಗೆ ಈ ಜ್ವರ ಬಾಧಿಸುವುದಿಲ್ಲ, ಆದರೆ ಬಲಿತ ಉಣುಗಿಗೆ ರಕ್ತ ಕೊಟ್ಟು ಸಾಕುವವು ಅವೇ. ಡಿಸೆಂಬರಿನಿಂದ ಮೇ ತನಕ ಎಳ್ಳಿನಷ್ಟು ಗಾತ್ರದ ಮರಿ ಉಣುಗುಗಳ ಕಾಲ. ನಮಗೆ ಕಚ್ಚುವುದು ಹೆಚ್ಚಾಗಿ ಅವು. ಕಚ್ಚಿ ಮೂರರಿಂದ ಎಂಟು ದಿನದೊಳಗೆ ಜ್ವರ, ತಲೆನೋವು, ಎಲುಬು ಮುರಿಯುವಂಥ ಮೈನೋವು, ಕೆಲವರಿಗೆ ರಕ್ತಸ್ರಾವ. ನೂರು ಜನರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಇದಕ್ಕೆಂದೇ ಇರುವ ಔಷಧ ಇಲ್ಲ. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ 2022ರ ನಂತರ ನಿಂತಿದೆ. 2024ರ ಆರಂಭದಲ್ಲಿ ನಮ್ಮ ಶೃಂಗೇರಿ ತಾಲ್ಲೂಕಿನ ವೃದ್ಧರೊಬ್ಬರು ಇದೇ ಕಾಯಿಲೆಯಿಂದ ತೀರಿಕೊಂಡರು. ಇನ್ನೊಂದು ಸಂಗತಿಯನ್ನು ಓದುಗರು ಮರೆಯಬಾರದು: ಈ ಜ್ವರ ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡುಬಂದಿಲ್ಲ.

ಔಷಧವಿಲ್ಲ, ಲಸಿಕೆಯಿಲ್ಲ ಎಂದ ಮೇಲೆ ಉಳಿಯುವುದು ಎಚ್ಚರಿಕೆ. ಅದಕ್ಕಾಗಿ ಸೀಸನ್ನಿನಲ್ಲಿ ನಮ್ಮದೊಂದು ಸಣ್ಣ ಗುಂಪು ಸಂಜೆ ಹೊತ್ತು ಫೋನಿನಲ್ಲಿ ಸೇರುತ್ತದೆ. ಆರೋಗ್ಯ ಕೇಂದ್ರದ ಡಾಕ್ಟರು, ಹೆಲ್ತ್ ಇನ್‌ಸ್ಪೆಕ್ಟರು, ಆಶಾ ಕಾರ್ಯಕರ್ತೆಯರು, ಅರಣ್ಯ ಇಲಾಖೆಯ ಗಾರ್ಡು, ಮತ್ತೆ ದನಗಳ ಲೆಕ್ಕ ಗೊತ್ತಿರುವವನೆಂದು ನಾನು. ಎಲ್ಲರ ಎದುರಿಗೂ ಒಂದೇ ಗೂಗಲ್ ನಕ್ಷೆ. ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು, ಚುಕ್ಕಿ ಇಡುವ ಹಕ್ಕು ಕೆಲವರಿಗೆ. ಕಪ್ಪು ಚುಕ್ಕಿ ಎಂದರೆ ಸತ್ತ ಮಂಗ, ಕೆಂಪು ಎಂದರೆ ರಕ್ತಪರೀಕ್ಷೆಯಲ್ಲಿ ಖಚಿತವಾದ ಜ್ವರ, ಹಳದಿ ಎಂದರೆ ಉಣುಗಿನಲ್ಲಿ ವೈರಸ್ ಸಿಕ್ಕಿದ ಜಾಗ. ಹೆಸರು ಬರೆಯುವುದಿಲ್ಲ, ನಂಬರು ಮಾತ್ರ. ನೆಮ್ಮಾರು ದಾಟಿ ಕೆರೆಕಟ್ಟೆ ಕಡೆ ಹೋದರೆ ಸಿಗ್ನಲ್ ಕೈಕೊಡುತ್ತದೆ; ಅಲ್ಲಿಂದ ಬರಬೇಕಾದ ಚುಕ್ಕಿ ಗಾರ್ಡಿನ ಜೇಬಿನಲ್ಲೇ ರಾತ್ರಿಯವರೆಗೆ ಕೂತಿರುತ್ತದೆ.

ಈ ನಕ್ಷೆಯ ಮೊದಲ ಉಪಕಾರ ಗಡಿಗಳನ್ನು ಅಳಿಸಿದ್ದು. ನಮ್ಮಲ್ಲಿಂದ ಕಾರ್ಕಳದ ದಾರಿ ಹಿಡಿದರೆ ಘಟ್ಟ ಇಳಿಯುವಷ್ಟರಲ್ಲಿ ಉಡುಪಿ ಜಿಲ್ಲೆ, ಆಗುಂಬೆಯ ಕಡೆ ತಿರುಗಿದರೆ ಶಿವಮೊಗ್ಗ ಜಿಲ್ಲೆ. ಜ್ವರ ಜೋರಾದವರನ್ನು ಮಣಿಪಾಲಕ್ಕೆ ಒಯ್ಯುತ್ತಾರೆ. ಕಾಯಿಲೆ ಹತ್ತಿದ್ದು ಒಂದು ಜಿಲ್ಲೆಯಲ್ಲಿ, ಮಲಗಿದ್ದು ಇನ್ನೊಂದು ಜಿಲ್ಲೆಯಲ್ಲಿ, ಮಂಗ ಸತ್ತ ಸುದ್ದಿ ಮೂರನೆಯ ಇಲಾಖೆಯ ಕಡತದಲ್ಲಿ. ಶೃಂಗೇರಿಯ ಸೀಮೆಯಲ್ಲಿ ಹುಟ್ಟಿದವನಿಗೆ ಅದ್ವೈತದವರು ಹೇಳುವ ಉಪಾಧಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಖಂಡವಾದದ್ದು ನಮ್ಮ ವ್ಯವಹಾರಕ್ಕಾಗಿ ತುಂಡುತುಂಡಾಗಿ ತೋರುತ್ತದೆ. ಆ ತುಂಡುಗಳನ್ನೇ ಸತ್ಯವೆಂದು ಹಿಡಿದು ಕೂತರೆ ಕೇಡು. ತಾಲ್ಲೂಕು, ಜಿಲ್ಲೆ, ಇಲಾಖೆ ಎಲ್ಲವೂ ವ್ಯವಹಾರಕ್ಕೆ ಬೇಕು. ಉಣುಗಿಗೆ ಆ ವ್ಯವಹಾರವಿಲ್ಲ.

ಕಪ್ಪು ಚುಕ್ಕಿಯ ವಿಷಯದಲ್ಲಿ ಧರ್ಮಸಂಕಟ ಬೇಗ ಎದುರಾಗುತ್ತದೆ. ಶೃಂಗೇರಿಗೆ ನಾಲ್ಕು ದಿಕ್ಕಿನಲ್ಲಿ ನಾಲ್ವರು ಕಾವಲು: ಮೂಡಣಕ್ಕೆ ಕಾಲಭೈರವ, ತೆಂಕಣಕ್ಕೆ ದುರ್ಗೆ, ಪಡುವಣಕ್ಕೆ ಕೆರೆ ಆಂಜನೇಯ, ಬಡಗಣಕ್ಕೆ ಕಾಳಿ. ಶಂಕರರೇ ನಿಲ್ಲಿಸಿದ್ದು ಎನ್ನುತ್ತದೆ ಮಠದ ಪರಂಪರೆ. ಹನುಮಂತನನ್ನು ಕಾವಲಿಗೆ ನಿಲ್ಲಿಸಿಕೊಂಡ ಊರಿನ ಜನ ಸತ್ತ ಮಂಗವನ್ನು ಹಾಗೇ ಬಿಟ್ಟು ಹೋಗಲಾರರು. ಅರಿಶಿನ ಕುಂಕುಮ ಹಚ್ಚಿ, ಹೊಸ ಬಟ್ಟೆ ಹೊದಿಸಿ, ಹೊತ್ತು ತಂದು ಮಣ್ಣು ಮಾಡುವುದು ಭಕ್ತಿ. ಆದರೆ ಆ ಹೊತ್ತಿನಲ್ಲೇ ಉಣುಗುಗಳು ಹೊಸ ಮೈ ಹುಡುಕುತ್ತಿರುತ್ತವೆ. ನಿಯಮ ಹೇಳುವುದು: ಮುಟ್ಟಬೇಡಿ, ತಿಳಿಸಿ, ಇಲಾಖೆಯವರು ಬಂದು ಮಾದರಿ ತೆಗೆದು ಸುಡುತ್ತಾರೆ, ಸುತ್ತ ಐವತ್ತು ಮೀಟರು ಮೆಲಾಥಿಯಾನ್ ಪುಡಿ ಉದುರಿಸುತ್ತಾರೆ. ನೌಕರಿಯಲ್ಲಿದ್ದಾಗ ಕೈಗವಸು ಹಾಕಿಕೊಂಡು ಮಂಗನ ಶವಪರೀಕ್ಷೆ ಮಾಡುತ್ತಿದ್ದ ನನ್ನನ್ನು ಒಬ್ಬ ಅಜ್ಜಿ ‘ಆಂಜನೇಯನ ಹೊಟ್ಟೆ ಕೊಯ್ತೀಯಲ್ಲ ಮಾರಾಯ’ ಎಂದು ಬೈದಿದ್ದರು. ‘ಅಮ್ಮಾ, ಅವನು ಕಾವಲಿನವನು ತಾನೇ? ಕಾವಲಿನವನು ಕೂಗಿ ಹೇಳಿದ್ದನ್ನು ಬರೆದುಕೊಳ್ತಾ ಇದೀನಿ’ ಅಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾಯಿತು ಎನ್ನಲಾರೆ. ಆದರೂ ಆ ಮೇಲೆ ಮಂಗ ಸತ್ತ ಸುದ್ದಿ ಆ ಕೇರಿಯಿಂದ ಎಲ್ಲರಿಗಿಂತ ಮೊದಲು ತಲುಪಿಸುತ್ತಿದ್ದವರು ಅವರೇ.

ಕೆಂಪು ಚುಕ್ಕಿಯದು ಇದಕ್ಕಿಂತ ಕಠಿಣವಾದ ಪ್ರಶ್ನೆ. ಕೇಸ್ ಶೀಟಿನಲ್ಲಿ ಇರುವುದು ಮನೆಯ ವಿಳಾಸ. ಹಾಗಾಗಿ ಇನ್‌ಸ್ಪೆಕ್ಟರು ಚುಕ್ಕಿಯನ್ನು ಮನೆಯ ಮೇಲೆ ಇಡುತ್ತಿದ್ದರು. ಒಂದು ಸಂಜೆ, ಒಬ್ಬ ಹೆಂಗಸಿನ ಚುಕ್ಕಿ ಇಡುವಾಗ, ಆಶಾ ಕಾರ್ಯಕರ್ತೆ ತಡೆದರು: ‘ಸರ್, ಅವ್ಳಿಗೆ ಜ್ವರ ಹತ್ತಿದ್ದು ಮನೇಲಲ್ಲ. ದರಗು ಗುಡಿಸಕ್ಕೆ ಗುಡ್ಡಕ್ಕೆ ಹೋದಾಗ. ಚುಕ್ಕಿ ಮನೆ ಮೇಲೆ ಯಾಕೆ ಕೂರ್ಬೇಕು? ಈಗ್ಲೇ ಅವ್ರ ಮನೆಗೆ ಯಾರೂ ಹೋಗ್ತಿಲ್ಲ, ಅವ್ರ ಮನೆ ಹಾಲೂ ಬೇಡ ಅಂತಾರೆ.’ ಡಾಕ್ಟರರ ಆಕ್ಷೇಪವೂ ಸರಿಯಾದದ್ದೇ. ಉಣುಗು ಕಚ್ಚಿದ ಜಾಗವನ್ನು ಯಾರು ಕಂಡರು? ಒಂದು ವಾರದಲ್ಲಿ ಅವಳು ಹತ್ತು ಕಡೆ ಓಡಾಡಿರುತ್ತಾಳೆ. ವಿಳಾಸ ಒಂದೇ ಖಚಿತ. ಖಚಿತವಾದದ್ದನ್ನು ಬಿಟ್ಟು ಊಹೆಯನ್ನು ನಕ್ಷೆಗೆ ಏರಿಸುವುದು ಹೇಗೆ?

ಆ ಚರ್ಚೆ ಒಂದೇ ಸಂಜೆಗೆ ಮುಗಿಯಲಿಲ್ಲ. ಕೊನೆಗೆ ಒಪ್ಪಿದ್ದು ಇಷ್ಟು: ಮನೆಯ ಚುಕ್ಕಿ ಶುಶ್ರೂಷೆಗೆ ಹೋಗುವವರ ಬಳಿ ಮಾತ್ರ, ಎಲ್ಲರೂ ನೋಡುವ ನಕ್ಷೆಯಲ್ಲಿ ಹಿಂದಿನ ಎಂಟು ದಿನ ಆ ವ್ಯಕ್ತಿ ಕಾಡಿನ ಅಂಚಿನಲ್ಲಿ ಎಲ್ಲೆಲ್ಲಿ ಕೆಲಸ ಮಾಡಿದ್ದಾನೋ ಆ ಜಾಗಗಳಿಗೆ ತೆಳು ಬಣ್ಣ. ಊಹೆಯನ್ನು ಊಹೆ ಎಂದೇ ಬರೆಯುವುದು. ಹಾಗೆ ಮಾಡುತ್ತ ಬಂದಂತೆ ಮನೆಗಳ ಮೇಲಿದ್ದಾಗ ಚೆಲ್ಲಾಪಿಲ್ಲಿಯಾಗಿ ಕಾಣುತ್ತಿದ್ದ ಜ್ವರ ಕೆಲವೇ ಕಡೆ ಗಾಢವಾಯಿತು. ತೋಟದ ತಲೆಯ ಮೇಲಿನ ಸೊಪ್ಪಿನಬೆಟ್ಟ, ಸೌದೆ ತರುವ ಒಂದು ಕಾಲುದಾರಿ, ಕಪ್ಪು ಚುಕ್ಕಿ ಬಿದ್ದಿದ್ದ ಹಳ್ಳದ ಬದಿ. ಚೌಡಿಗೆ ಹರಕೆ ತೀರಿಸಿದವರೂ ತೀರಿಸದವರೂ ಅದೇ ಗುಡ್ಡಕ್ಕೆ ಹೋಗಿದ್ದರು. ನಮ್ಮನೆಗೇ ಯಾಕೆ ಎಂಬ ಪ್ರಶ್ನೆ ಆ ನಕ್ಷೆಯ ಮುಂದೆ ನಿಲ್ಲುವುದಿಲ್ಲ.

ಇದು ಯಂತ್ರ ಕಲಿಸಿದ ಹೊಸ ವಿದ್ಯೆ ಎಂದುಕೊಳ್ಳಬೇಕಾಗಿಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯ ನಡೆಯುವುದೇ ಇಂಥದೊಂದು ಚರ್ಚೆಯಾಗಿ. ಬಿರುಬೇಸಿಗೆಯ ಕಾಲ, ಪಾಂಚಾಲದ ಕಾಂಪಿಲ್ಯ, ಗಂಗೆಯ ದಡದ ಕಾಡು. ಪುನರ್ವಸು ಆತ್ರೇಯರು ಶಿಷ್ಯರ ಜೊತೆ ಅಡ್ಡಾಡುತ್ತಿದ್ದಾರೆ. ಅಗ್ನಿವೇಶನ ಸಂಶಯ ಇದು: ಜನರ ಪ್ರಕೃತಿ ಬೇರೆ, ಊಟ ಬೇರೆ, ಬಲ ಬೇರೆ, ವಯಸ್ಸು ಬೇರೆ. ಹಾಗಿದ್ದೂ ಒಂದೇ ರೋಗ ಒಂದೇ ಹೊತ್ತಿಗೆ ಇಡೀ ಜನಪದವನ್ನು ಹೇಗೆ ಕೆಡಹುತ್ತದೆ? ಆತ್ರೇಯರು ಪ್ರತಿಯೊಬ್ಬನ ಜಾತಕ ತೆರೆಯುವುದಿಲ್ಲ. ಎಲ್ಲರಿಗೂ ಸಾಮಾನ್ಯವಾದವು ನಾಲ್ಕಿವೆ ಎನ್ನುತ್ತಾರೆ: ಗಾಳಿ, ನೀರು, ದೇಶ, ಕಾಲ. ಇವು ಕೆಟ್ಟರೆ ಜನಪದ ಕೆಡುತ್ತದೆ. ಇವು ಯಾಕೆ ಕೆಡುತ್ತವೆ ಎಂದರೆ ಅಧರ್ಮದಿಂದ. ಅಲ್ಲಿಯೂ ಅವರು ಮೊದಲು ತೋರಿಸುವುದು ರೋಗಿಯ ಅಧರ್ಮವನ್ನಲ್ಲ. ನಾಡು, ನಗರಗಳನ್ನು ನಡೆಸುವವರ ಅಧರ್ಮವನ್ನು. ಅದು ಅವರಿಂದ ಇಳಿದು ಪ್ರಜೆಗಳಲ್ಲಿ ಹಬ್ಬುತ್ತದೆ.

ಈ ಮಾತಿಗೆ ನಮ್ಮ ಕಾಲದ ಸಾಕ್ಷಿಯೂ ಉಂಟು. 1982ರ ಹೊತ್ತಿಗೆ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದರು. ಅದರ ಹಿಂದೆಯೇ ಅಲ್ಲಿ ಮಂಗನ ಕಾಯಿಲೆ ಭೀಕರವಾಗಿ ಎದ್ದಿತು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆರೋಗ್ಯ, ಪಶುಪಾಲನೆ, ಅರಣ್ಯ ಇಲಾಖೆಗಳವರ ಜೊತೆ ಕೂತು ಅಪಾಯದ ನಕ್ಷೆ ತಯಾರಿಸಿತು. ನಿತ್ಯಹಸುರಿನ ಕಾಡೂ ತೋಟವೂ ಹೆಣೆದುಕೊಂಡಿರುವ, ನಾಡ ದನ ಹೆಚ್ಚಿರುವ ಸೀಮೆಯಲ್ಲಿ ಅಪಾಯ ಹೆಚ್ಚು ಎಂದು ಅದು ಕಂಡಿತು. ಕಾಡು, ತೋಟ, ದನ: ಮೂರೂ ಕೂಡಿದ್ದೇ ನಮ್ಮ ಮಲೆನಾಡಿನ ಬದುಕು. ಆತ್ರೇಯರು ಹೇಳಿದ ಕೆಟ್ಟ ದೇಶವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಇಲ್ಲಿಂದ ಮುಂದಿನ ಹೆಜ್ಜೆ ನನ್ನಂಥವರಿಗೆ ಮುಜುಗರದ್ದು. ದರಗು ಎಂದರೆ ಕಾಡಿನ ಒಣಗಿದೆಲೆ. ಅದನ್ನು ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತೇವೆ, ಗೊಬ್ಬರವಾದ ಮೇಲೆ ಅಡಿಕೆ ಬುಡಕ್ಕೆ ಹಾಕುತ್ತೇವೆ. ತೋಟ ನಮ್ಮದು, ಕೊಟ್ಟಿಗೆ ನಮ್ಮದು, ಸೊಪ್ಪಿನಬೆಟ್ಟದ ಹಕ್ಕು ನಮ್ಮ ಹೆಸರಿನಲ್ಲಿ. ಗುಡಿಸುವವರು ಮಾತ್ರ ಬೇರೆ. ಹಸಲರ ಹೆಂಗಸರು, ಗೌಡಲು ಹುಡುಗರು, ದಿನಗೂಲಿಗೆ ಬಂದ ಘಟ್ಟದ ಕೆಳಗಿನವರು. ತೆಳು ಬಣ್ಣ ಬಿದ್ದ ಜಾಗದ ಒಡೆಯರು ಒಂದು ಸಾಲು, ಜ್ವರದಿಂದ ಮಲಗಿದವರು ಇನ್ನೊಂದು ಸಾಲು. ಎರಡೂ ಸಾಲಿನಲ್ಲಿ ಇರುವ ಹೆಸರು ಅಪರೂಪ.

ಒಬ್ಬರ ಕೆಲಸದ ಫಲ ಇನ್ನೊಬ್ಬರ ಮೇಲೆ ಬೀಳುವ ಈ ದೋಷದ ಅರಿವು ನಮ್ಮ ಶಾಸ್ತ್ರಕಾರರಿಗೆ ಚೆನ್ನಾಗಿಯೇ ಇತ್ತು. ಮಾಡದ ಕರ್ಮದ ಫಲ ಬಂದು ಎರಗುವುದಕ್ಕೆ ಅಕೃತಾಭ್ಯಾಗಮ ಎನ್ನುತ್ತಾರೆ. ಯಾವ ಸಿದ್ಧಾಂತದಲ್ಲಾದರೂ ಅದು ಒದಗಿದರೆ ಆ ಸಿದ್ಧಾಂತವೇ ಕುಸಿಯಿತು ಎಂದು ಲೆಕ್ಕ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಭಾಷ್ಯದಲ್ಲಿ ಶಂಕರರು ಇದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾರೆ. ಒಬ್ಬ ಸುಖಿ, ಒಬ್ಬ ದುಃಖಿ. ಹಾಗಾದರೆ ದೇವರಿಗೆ ಪಕ್ಷಪಾತವೇ, ದಯೆಯಿಲ್ಲವೇ? ಅವರ ಸಮಾಧಾನ: ಮಳೆ ಎಲ್ಲದಕ್ಕೂ ಸಮಾನವಾಗಿ ಸುರಿಯುತ್ತದೆ, ಭತ್ತ ಭತ್ತವಾಗುವುದೂ ಜವೆ ಜವೆಯಾಗುವುದೂ ಬೀಜದಿಂದ. ಹಾಗೆಯೇ ಭೇದಕ್ಕೆ ಕಾರಣ ಜೀವಿಗಳ ಧರ್ಮಾಧರ್ಮ. ಸಂಸಾರಕ್ಕೆ ಆದಿಯಿಲ್ಲವಾದ್ದರಿಂದ ಕರ್ಮದ ಲೆಕ್ಕ ಎಲ್ಲೂ ತುಂಡಾಗುವುದಿಲ್ಲ.

ಈ ವಾದವನ್ನು ನಾನು ಗೌರವದಿಂದ ಓದುತ್ತೇನೆ. ಓದುವಾಗ ಒಂದನ್ನು ಗಮನಿಸುತ್ತೇನೆ: ಅದು ದೇವರ ಮೇಲಿನ ಅಪವಾದವನ್ನು ಕಳೆಯಲು ಹೂಡಿದ ವಾದ. ನೆರೆಮನೆಯವರ ಮೇಲೆ ಅಪವಾದ ಹೊರಿಸಲು ಅದರಲ್ಲಿ ಅನುಮತಿಯಿಲ್ಲ. ಕರ್ಮದ ಗತಿ ಗಹನ ಎಂದು ಗೀತೆಯೂ ಎಚ್ಚರಿಸುತ್ತದೆ. ಅಷ್ಟು ಗಹನವಾದದ್ದನ್ನು ಜಗಲಿಯ ಮೇಲೆ ಕೂತು, ಎಲೆಯಡಿಕೆ ಹಾಕುತ್ತ, ಮಲಗಿದವಳ ಬಗ್ಗೆ ನಾವು ಓದಿ ಹೇಳುತ್ತೇವೆ. ಅವಳ ಹಿಂದಿನ ಜನ್ಮ ನಮಗೆ ಕಾಣುವುದಿಲ್ಲ. ಅವಳು ಹೊತ್ತು ತಂದ ದರಗಿನ ಹೊರೆ ಕಾಣುತ್ತದೆ, ಅದು ಯಾರ ಕೊಟ್ಟಿಗೆಯಲ್ಲಿ ಇಳಿಯಿತು ಎಂಬುದೂ ಕಾಣುತ್ತದೆ. ಕಾಣುವುದನ್ನು ಬಿಟ್ಟು ಕಾಣದ್ದನ್ನು ಹಿಡಿಯುವುದರಲ್ಲಿ ನಮಗೊಂದು ಅನುಕೂಲ ಇದೆ. ಆಸ್ತಿಕತೆಗೂ ಅದಕ್ಕೂ ಸಂಬಂಧವಿಲ್ಲ. ಕರ್ಮಸಿದ್ಧಾಂತ ನಿಜವಾದರೆ ಅದು ಮೊದಲು ಕೇಳಬೇಕಾದದ್ದು ತೋಟದ ಒಡೆಯನನ್ನು: ಇದರಲ್ಲಿ ನಿನ್ನ ಪಾಲು ಎಷ್ಟು?

ಧರ್ಮದವರಿಗೆ ಈ ಚರ್ಚೆಯಲ್ಲಿ ಜಾಗವೇ ಇಲ್ಲ ಎಂದು ಯಾರೂ ತಿಳಿಯಬೇಕಾಗಿಲ್ಲ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಸಾವುಗಳನ್ನು ನಕ್ಷೆಯ ಮೇಲೆ ಗುರುತಿಸಿ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಕಡೆ ಬೆರಳು ಮಾಡಿದ್ದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಹೆಸರು ಹೆನ್ರಿ ವೈಟ್‌ಹೆಡ್, ಆ ಕೇರಿಯ ಯುವ ಪಾದ್ರಿ. ಸ್ನೋ ಹೇಳಿದ್ದು ತಪ್ಪೆಂದು ತೋರಿಸಲು ಹೊರಟವರು ಅವರು. ಸತ್ತವರ ಮನೆಗಳಿಗೆ ಪ್ರಾರ್ಥನೆಗೆ ಹೋಗಿ ಬಂದಿದ್ದರಿಂದ ಯಾರು ಯಾವ ನೀರು ಕುಡಿದರು ಎಂದು ಮತ್ತೆ ಮತ್ತೆ ವಿಚಾರಿಸಬಲ್ಲವರಾಗಿದ್ದರು. ವಿಚಾರಿಸುತ್ತ ಹೋಗಿ, ಪಂಪಿನ ಪಕ್ಕದ ಮನೆಯಲ್ಲಿ ಮೊದಲು ಕಾಯಿಲೆ ಬಿದ್ದ ಹಸುಗೂಸಿನ ಬಟ್ಟೆ ತೊಳೆದ ನೀರು ಬಾವಿಯ ಬಳಿಯ ಗುಂಡಿಗೆ ಸೇರಿತ್ತೆಂಬ ಸಂಗತಿಯನ್ನು ಹೊರಗೆ ತಂದರು. ಸ್ನೋ ಅವರ ವಾದಕ್ಕೆ ಬೇಕಿದ್ದ ಕೊಂಡಿ ಸಿಕ್ಕಿದ್ದು ಅದರಿಂದ. ನಕ್ಷೆ ವೈದ್ಯರದ್ದು, ಬಾಗಿಲು ತಟ್ಟಿದ್ದು ಪಾದ್ರಿ. ನಮ್ಮ ಗುಂಪಿನಲ್ಲಿ ಆ ಬಾಗಿಲು ತಟ್ಟುವ ಕೆಲಸ ಆಶಾ ಕಾರ್ಯಕರ್ತೆಯರದ್ದು. ಜೋಯಿಸರೂ ಅರ್ಚಕರೂ ಮನಸ್ಸು ಮಾಡಿದರೆ ಅವರಿಗಿಂತ ಹೆಚ್ಚು ಮನೆಗಳ ಬಾಗಿಲು ತೆರೆಸಬಲ್ಲರು. ಪ್ರಶ್ನೆ ಕೇಳಲು ಬಂದವರಿಗೆ ಪರಿಹಾರ ಹೇಳುವ ಮುಂಚೆ ‘ಹೋದ ವಾರ ಯಾವ ಗುಡ್ಡಕ್ಕೆ ಹೋಗಿದ್ರಿ?’ ಎಂದು ಒಂದು ಮಾತು ಕೇಳಿದರೆ ಸಾಕು.

ನಕ್ಷೆಗೂ ತನ್ನದೇ ಅಹಂಕಾರ ಉಂಟು. ಮೇಲಿನಿಂದ ಎಲ್ಲವನ್ನೂ ನೋಡುವ ಕಣ್ಣು ತನ್ನದೆಂಬ ಭ್ರಮೆ ನೋಡುವವನಿಗೆ ಬರುತ್ತದೆ. ಚುಕ್ಕಿಯಿಲ್ಲದ ಜಾಗ ಕಂಡಾಗ ಅಲ್ಲಿ ಕಾಯಿಲೆಯಿಲ್ಲ ಎಂದು ಮನಸ್ಸು ಹಗುರಾಗುತ್ತದೆ. ಅಲ್ಲಿ ಸಿಗ್ನಲ್ ಇಲ್ಲದಿರಬಹುದು. ಜ್ವರ ಬಂದವನು ಕೂಲಿ ತಪ್ಪುತ್ತದೆಂದು ಆಸ್ಪತ್ರೆಗೆ ಬಾರದಿರಬಹುದು. ಮಂಗ ಸತ್ತದ್ದನ್ನು ನೋಡಿದವರೇ ಇಲ್ಲದಿರಬಹುದು. ನಮ್ಮ ಗುಂಪಿನಲ್ಲಿ ಈಗ ಖಾಲಿ ಜಾಗಗಳ ಬಗ್ಗೆಯೂ ಮಾತಾಡುತ್ತೇವೆ: ಇಲ್ಲಿಗೆ ಯಾರು ಹೋಗಿ ಬಂದರು, ಯಾವಾಗ?

ಕಳೆದ ಸೀಸನ್ನಿನಲ್ಲಿ ನಾನೊಂದು ಸಲಹೆ ಇಟ್ಟೆ. ಪ್ರತಿ ಕೆಂಪು ಚುಕ್ಕಿಯ ಕೆಳಗೆ ‘ಯಾವ ಕೆಲಸಕ್ಕೆ ಹೋಗಿದ್ದು’ ಎಂಬ ಸಾಲು ಈಗಾಗಲೇ ಇದೆ. ಅದರ ಪಕ್ಕ ‘ಯಾರ ಕೆಲಸಕ್ಕೆ’ ಎಂದು ಇನ್ನೊಂದು ಸಾಲು ಇರಲಿ ಅಂದೆ. ಇನ್‌ಸ್ಪೆಕ್ಟರು ನಕ್ಕು, ‘ಸರ್, ಆಗ ನಕ್ಷೆ ನೋಡೋರಿಗಿಂತ ನಕ್ಷೆ ಮುಚ್ಚಿಸೋರು ಜಾಸ್ತಿ ಆಗ್ತಾರೆ’ ಎಂದರು. ಡಾಕ್ಟರು, ಅದು ಆರೋಗ್ಯದ ಮಾಹಿತಿ ಆಗುವುದಿಲ್ಲ ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ರೋಗಿಯ ಹೆಸರನ್ನು ಕಾಪಾಡುವ ನಕ್ಷೆ ತೋಟದವನ ಹೆಸರನ್ನು ಬಯಲಿಗೆ ಇಡಬೇಕೆಂದು ನಾನೂ ಹೇಳಲಾರೆ; ಬೆರಳು ತೋರುವ ಚಟ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿದರೆ ಏನು ಸಾಧಿಸಿದ ಹಾಗಾಯಿತು? ಆ ಸಾಲನ್ನು ತುಂಬಬೇಕಾದವರು ತೋಟದವರೇ, ತಂತಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ.

ನಾನು ನನ್ನ ಪುಸ್ತಕದಲ್ಲಿ ತುಂಬಿದ್ದೇನೆ. ಕಪ್ಪು ಚುಕ್ಕಿ ಬಿದ್ದ ಗುಡ್ಡದ ದರಗು ಆ ಸೀಸನ್ನಿಗೆ ಬೇಡ. ಗುಡ್ಡಕ್ಕೆ ಹೋಗುವವರಿಗೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ, ಮೈತುಂಬ ಬಟ್ಟೆ. ಬಂದ ಮೇಲೆ ನಮ್ಮ ಬಚ್ಚಲ ಹಂಡೆಯಲ್ಲೇ ಕಾಯಿಸಿದ ನೀರಿನ ಸ್ನಾನ. ಮನೆಯಲ್ಲಿ ಇದಕ್ಕೆ ಹಿರಿಯರಿಂದ ಗೊಣಗಾಟ ಬಂತು, ಬರಲಿ. ಜ್ವರ ಬಂದರೆ ಆಸ್ಪತ್ರೆಗೆ ಜೀಪು, ಮಲಗಿದಷ್ಟು ದಿನದ ಕೂಲಿ. ಇದನ್ನೆಲ್ಲ ಅಡಿಕೆ ಕೊಯ್ಲು, ಬೋರ್ಡೋ ಸಿಂಪಡಣೆ, ಬೇಲಿ ಕಟ್ಟಿದ್ದರ ಜೊತೆಗೆ ತೋಟದ ಖರ್ಚಿನ ಪುಟದಲ್ಲೇ ಬರೆದಿದ್ದೇನೆ, ದಾನಧರ್ಮದ ಪುಟದಲ್ಲಿ ಬರೆದಿಲ್ಲ.